ಗುಂಪಿನ ದನಿ

ಬಣ್ಣ ಬಳಿಯುವವರು ಹೇಳದೆ ಕೇಳದೆ ಬಂದು ಏಣಿಯನ್ನು ನಡುಮನೆಯ ಗೋಡೆಗೆ ಒರಗಿಸಿದಾಗಲೇ, ಇವತ್ತು ಅಕ್ಕನನ್ನು ಕೆಲಸಕ್ಕೆ ಜೊತೆಗೆ ಕರೆದುಕೊಂಡು ಹೋಗದೆ ಬೇರೆ ದಾರಿಯಿಲ್ಲ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಅದನ್ನು ಮನೆಯ ಮಾಲೀಕನ ಮೇಲೆ ಹೊರಿಸಿ, ಮಾಡಬೇಕಾದ ಫೋನು ಮಾಡದೆ, ಹಾಲಿನ ಪಾತ್ರೆಯನ್ನು ಸದ್ದಾಗುವಂತೆ ಕೆಳಗಿಟ್ಟಳು. ಅಕ್ಕ ಒಳಗಿನ ಕೋಣೆಯಲ್ಲಿ ಮಂಚದ ಅಂಚಿಗೆ ಕೂತಿದ್ದಳು. ಹೊರಗೆ ಇಬ್ಬರು ಗಂಡಸರು ಬಣ್ಣದ ಡಬ್ಬಿಯ ಮುಚ್ಚಳ ಎಬ್ಬುತ್ತ, ಮೇಸ್ತ್ರಿ ಕೊಟ್ಟ ಬ್ರಷ್ಷು ನಾಯಿ ಬಾಲಕ್ಕಿಂತ ಕಡೆ ಎಂದು ನಗುತ್ತಿದ್ದರು. "ಅವರು ಮಾತಾಡ್ತಿರೋದು ನಿನಗೂ ಕೇಳ್ತಿದೆ ತಾನೆ?" ಎಂದು ಅಕ್ಕ ಮೆಲ್ಲಗೆ ಕೇಳಿದಳು. "ಕೇಳ್ತಿದೆ." "ಹಾಗಾದ್ರೆ ಸರಿ." ಮಲಗುವ ಮುಂಚೆ ಗ್ಯಾಸ್ ಆರಿದೆಯಾ ಎಂದು ಬೇರೆಯವರು ಒಂದು ಸಲ ನೋಡಿಕೊಂಡು ಬರುವಷ್ಟೇ ಸಹಜವಾಗಿ ಅಕ್ಕ ಇದನ್ನು ಕೇಳುತ್ತಿದ್ದಳು. ತನಗೊಬ್ಬಳಿಗೇ ಕೇಳುವುದನ್ನು ಅಕ್ಕ 'ಗದ್ದಲ' ಅನ್ನುತ್ತಿದ್ದಳು. ಇವತ್ತು ಗದ್ದಲ ಕಮ್ಮಿ. ನೆನ್ನೆ ಸ್ವಲ್ಪ ಗದ್ದಲ ಇತ್ತು. ಹವಾಮಾನ ಹೇಳಿದ ಹಾಗೆ. ಮಾತ್ರೆ ನುಂಗಿಕೊಂಡು, ತನ್ನ ಪಾಡಿಗೆ ಅಡುಗೆ ಮಾಡಿಕೊಂಡು, ರೇಡಿಯೋ ಸಣ್ಣಗೆ ಇಟ್ಟುಕೊಂಡು ಒಬ್ಬಳೇ ಇರಬಲ್ಲವಳೇ. ಆದರೆ ಗುರುತಿಲ್ಲದ ಗಂಡಸರ ದನಿ ದಿನವಿಡೀ ಮನೆಯೊಳಗೆ ಓಡಾಡಿದರೆ, ಯಾವುದು ಹೊರಗಿನದು ಯಾವುದು ಒಳಗಿನದು ಎಂದು ವಿಂಗಡಿಸುವುದರಲ್ಲೇ ಬಳಲಿ ಸಂಜೆಯ ಹೊತ್ತಿಗೆ ಹಿಂಡಿದ ಬಟ್ಟೆಯಂತಾಗುತ್ತಿದ್ದಳು. ಅಂಥ ದಿನ ಅಕ್ಕ ಹೋಗಿ ಕೂರಬಹುದಾಗಿದ್ದ ಪಕ್ಕದ ಮನೆಯಾಕೆ ಮಗಳ ಬಾಣಂತನಕ್ಕೆ ಹೋಗಿದ್ದಳು.

"ನನ್ನ ಜೊತೆ ಸ್ಟುಡಿಯೋಕ್ಕೆ ಬರ್ತೀಯಾ?" ಎಂದಳು. ಅಕ್ಕ ತಲೆಯೆತ್ತಿ ನೋಡಿದಳು. ಇಷ್ಟು ವರ್ಷದಲ್ಲಿ ಅವಳು ಕೇಳಿದ್ದು ಇದೇ ಮೊದಲು. ಅಕ್ಕ ಎದ್ದು, ಎಲ್ಲಿ ತಂಗಿ ಮನಸ್ಸು ಬದಲಾಯಿಸಿಬಿಡುತ್ತಾಳೋ ಎಂಬಂತೆ ಬೇಗ ಬೇಗ ಸೀರೆ ಬದಲಾಯಿಸಿ, ತಲೆ ಬಾಚಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತುಬಿಟ್ಟಳು. ಆ ಅವಸರ ನೋಡಲಾಗದೆ ಅವಳು ಬೀಗದ ಕೈ ಹುಡುಕುವ ನೆಪದಲ್ಲಿ ಮತ್ತೆ ಒಳಗೆ ಹೋದಳು. ಇವತ್ತಲ್ಲದೆ ಬೇರೆ ಯಾವ ದಿನವಾದರೂ ಆಗಬಹುದಿತ್ತಲ್ಲ. ನೆನ್ನೆ ಸ್ಟುಡಿಯೋದ ಮ್ಯಾನೇಜರ್ ಫೋನು ಮಾಡಿ, "ನಗು ಮೇಡಂ, ನಾಳೆ ನಿಮ್ಮದೇ ರಾಜ್ಯ. ನಿಮ್ಮ ಕಿರಿ ಸೊಸೆಗೆ ಹುಚ್ಚು ಹಿಡಿಯುತ್ತೆ" ಎಂದಿದ್ದ.

ಬೇರೆ ಯಾವುದೋ ಭಾಷೆಯ ಧಾರಾವಾಹಿ. ಅದರಲ್ಲಿ ಬಾಯಿ ಆಡಿಸುವವರು ಬೇರೆ, ಕನ್ನಡದಲ್ಲಿ ಮಾತಾಡುವವರು ಬೇರೆ. ಕಿರಿ ಸೊಸೆಯ ಬಾಯಿಗೆ ದನಿ ತುಂಬುವವಳು ಅವಳು. ಅಳುವುದಕ್ಕೆ, ಬೆಚ್ಚಿಬೀಳುವುದಕ್ಕೆ, ಬೆಟ್ಟದಿಂದ ಬೀಳುವಾಗ ಕಿರುಚುವುದಕ್ಕೆ ಬೇರೆಯವರೂ ಇದ್ದರು. ಹುಚ್ಚಿಯ ನಗುವಿಗೆ ಮಾತ್ರ ಅವಳೇ ಬೇಕು. ಆ ನಗು ಗಂಟಲಿನ ತಳದಲ್ಲಿ ಗೊಗ್ಗರಾಗಿ ಶುರುವಾಗಿ, ಮೆಟ್ಟಿಲು ಹತ್ತಿದಂತೆ ಹತ್ತಿ, ತುದಿಯಲ್ಲಿ ಒಡೆದು, ಚೂರುಚೂರಾಗಿ ಉರುಳುತ್ತ ಕೊನೆಗೆ ಅಳುವಾಗಿ ನಿಲ್ಲುತ್ತಿತ್ತು. ಅದನ್ನು ಕೇಳಿ ಹೊಸಬರು ಮೈ ಜುಮ್ಮೆಂದಿತು ಅನ್ನುತ್ತಿದ್ದರು. 'ನಗು ಮೇಡಂ' ಎಂಬ ಹೆಸರು ಬಂದದ್ದೂ ಹಾಗೆಯೇ. ಅವಳ ಗಂಟಲೇ ಅವಳ ಬಂಡವಾಳ. ಎರಡು ಹೊಟ್ಟೆ ಅದರಿಂದಲೇ ತುಂಬುತ್ತಿತ್ತು. ಆ ನಗುವನ್ನು ಅವಳು ಹಿರಿಯ ಕಲಾವಿದೆಯೊಬ್ಬರಿಂದ ಎತ್ತಿಕೊಂಡಿದ್ದಳು, ಅವರು ಇನ್ನಾರಿಂದಲೋ ಎತ್ತಿಕೊಂಡಿರಬೇಕು. ಹಾಗೆ ನಗುವ ಒಬ್ಬರನ್ನೂ ಅವಳು ಕಂಡಿರಲಿಲ್ಲ. ಸ್ಟುಡಿಯೋಕ್ಕೆ ಹೋಗುವ ಬಸ್ಸಿನ ಕಿಟಕಿಯ ಪಕ್ಕ ಕೂತ ಅಕ್ಕ ಅಂಗಡಿಗಳ ಬೋರ್ಡುಗಳನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು. ಮುಂದಿನ ಸೀಟಿನ ಹೆಂಗಸು ಎರಡು ಸಲ ತಿರುಗಿ ನೋಡಿದಳು. ಮೂರನೆಯ ಸಲ ತಿರುಗಿದಾಗ ಅವಳು ಆ ಹೆಂಗಸಿಗೆ, ಏಕೆಂದು ತನಗೇ ತಿಳಿಯದೆ, ಕ್ಷಮೆ ಕೇಳುವಂತೆ ನಕ್ಕಳು. ನಕ್ಕಮೇಲೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನ್ನಿಸಿತು.

ಅಕ್ಕ ಮೊದಮೊದಲು ಗೋಡೆ ಕಡೆ ತಿರುಗಿ ಕೂರತೊಡಗಿದಾಗ ಅವಳಿನ್ನೂ ಹೈಸ್ಕೂಲಿನಲ್ಲಿದ್ದಳು. ಅಂಥದ್ದಕ್ಕೆ ಮನೆಯಲ್ಲಿ ಆಗ ಇದ್ದದ್ದು ಒಂದೇ ಒಂದು ಪದ, ಹುಚ್ಚು. ಆ ಪದಕ್ಕೆ ಕೆದರಿದ ಕೂದಲಿತ್ತು, ಹರಿದ ಬಟ್ಟೆಯಿತ್ತು, ಕೈಯಲ್ಲಿ ಕಲ್ಲಿತ್ತು, ಆ ನಗುವಿತ್ತು. ಅಕ್ಕನಿಗೆ ಇವು ಯಾವುವೂ ಇರಲಿಲ್ಲ. ಅಕ್ಕ ದಿನವೂ ಸ್ನಾನ ಮಾಡಿ, ಬಿಗಿಯಾಗಿ ಜಡೆ ಹೆಣೆದುಕೊಂಡು, ಒಗೆದ ಬಟ್ಟೆಗಳನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತ ಕೂರುತ್ತಿದ್ದಳು. ಊಟ ಬಿಟ್ಟಳು. ಕಿಟಕಿಗೆ ಪೇಪರು ಅಂಟಿಸಿದಳು. ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದಳು. "ನನ್ನ ಮಗಳು ಬಟ್ಟೆ ಹರ್ಕೊಂಡಿದಾಳಾ? ಯಾರಿಗಾದ್ರೂ ಕಲ್ಲು ಹೊಡೆದಿದಾಳಾ? ಅವಳ ಜಡೆ ನೋಡಿ, ಎಷ್ಟು ನೀಟಾಗಿ ಹಾಕ್ಕೊಂಡಿದಾಳೆ" ಎಂದು ಅಮ್ಮ ಬಂದವರಿಗೆಲ್ಲ ಜಡೆಯನ್ನೇ ಸಾಕ್ಷಿಯಾಗಿ ತೋರಿಸುತ್ತಿದ್ದಳು. ಹಟ ಅಂದರು. ಸೋಮಾರಿತನ ಅಂದರು. ವಯಸ್ಸಿಗೆ ಬಂದ ಹುಡುಗಿ, ಏನೋ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಅಂದರು. ಅವಳು ಮಾತ್ರ ಪುಸ್ತಕ ತೆರೆದಿಟ್ಟುಕೊಂಡು ಆ ಕೋಣೆಯ ಕಡೆಗೇ ಕಿವಿಯಿಟ್ಟು, ನಗು ಕೇಳಿಸುತ್ತದೆಯೇ ಎಂದು ಕಾಯುತ್ತಿದ್ದಳು. ನಗು ಬಂದರೆ ಅದು. ಬಾರದಿದ್ದರೆ ಅದಲ್ಲ. ನಗು ಬರಲಿಲ್ಲ. ಆದ್ದರಿಂದ ಡಾಕ್ಟರ ಹತ್ತಿರವೂ ಹೋಗಲಿಲ್ಲ. ಒಂದು ಮಳೆಗಾಲ ಕಳೆದು ಇನ್ನೊಂದು ಬರುವ ಹೊತ್ತಿಗೆ ಅಕ್ಕನ ಮೈಯಲ್ಲಿ ಮೂಳೆ ಚಕ್ಕಳ ಮಾತ್ರ ಉಳಿದಿತ್ತು.

ಕೊನೆಗೆ ಡಾಕ್ಟರು ಒಂದು ಹೆಸರು ಹೇಳಿದರು. ಉದ್ದದ ಹೆಸರು. ಅಮ್ಮನ ನಾಲಿಗೆಗೆ ಅದು ಸಾಯುವವರೆಗೂ ಹೊರಳಲಿಲ್ಲ. ನೆಂಟರ ಎದುರು 'ನರದ ತೊಂದರೆ' ಎಂದಾಯಿತು, ಔಷಧಿ ಅಂಗಡಿಯವನ ಎದುರು 'ಆ ಮಾತ್ರೆ', ಮನೆಯೊಳಗೆ 'ಹುಷಾರಿಲ್ಲ'. ಆ ಮೇಲಿಂದ ಹುಚ್ಚು ಎಂಬ ಪದವೇ ಯಾರ ಬಾಯಿಂದಲೂ ಬರಲಿಲ್ಲ: ಮನೆಯಲ್ಲಿ ಯಾರಿಗೂ ಸಿನಿಮಾದ ಹುಚ್ಚು ಇರಲಿಲ್ಲ, ಆಸೆ ಇತ್ತು. ಹುಚ್ಚು ಧೈರ್ಯ ಹೋಗಿ ಭಂಡ ಧೈರ್ಯ ಬಂತು. 'ನಿನಗೇನು ತಲೆಕೆಟ್ಟಿದೆಯಾ' ಎಂದು ಬಯ್ಯಲಿಕ್ಕೂ ಆಗದೆ ಅಪ್ಪ ಜಗಳಗಳಲ್ಲಿ ಸೋಲತೊಡಗಿದ. ಒಂದು ಸಲ ಸೋದರಮಾವ ಬಂದು, ತನ್ನ ಆಫೀಸಿನ ಯಾವುದೋ ಕಡತದ ಸಂಗತಿ ಹೇಳುತ್ತ ಹೇಳುತ್ತ, "ಅದೇ ಹೇಳ್ತಾರಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ..." ಎಂದವನು ನೀರು ಹಿಡಿದು ಬಂದ ಅಕ್ಕನನ್ನು ಕಂಡು ಬಾಯಿ ತೆರೆದಂತೆಯೇ ನಿಂತುಬಿಟ್ಟ. ಅಕ್ಕ ಲೋಟವನ್ನು ಅವನ ಮುಂದಿಟ್ಟು, "ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ನೀರು ಕುಡೀರಿ ಮಾವ" ಎಂದು ಗಾದೆ ಮುಗಿಸಿ ಒಳಗೆ ಹೋದಳು. ಆಗ ನಕ್ಕಿದ್ದರೆ ಎಲ್ಲ ಹಗುರಾಗುತ್ತಿತ್ತೇನೋ. ಯಾರೂ ನಗಲಿಲ್ಲ. "ನೋಡಿದ್ಯಾ, ಹೇಗೆ ಮಾತಾಡಿದಳು" ಎಂದು ಮಾವ ಅಮ್ಮನ ಕಡೆ ಬಗ್ಗಿ ಪಿಸುಗುಟ್ಟಿದ. ಅದೂ ರೋಗದ ಲೆಕ್ಕಕ್ಕೇ ಹೋಯಿತು.

ಸ್ಟುಡಿಯೋದ ಮೆಟ್ಟಿಲು ಹತ್ತುವಾಗಲೂ ಅಕ್ಕನನ್ನು ಏನೆಂದು ಪರಿಚಯಿಸಬೇಕು ಎಂಬುದನ್ನು ಅವಳು ಯೋಚಿಸಿರಲಿಲ್ಲ. ಅಕ್ಕ ಎಂದರೆ ಮುಗಿಯುತ್ತಿತ್ತು. ಆದರೆ ಇಷ್ಟು ವರ್ಷ ಜೊತೆಯಲ್ಲಿರುವ ಅಕ್ಕನ ಹೆಸರನ್ನು ಒಂದು ದಿನವೂ ಏಕೆ ಎತ್ತಲಿಲ್ಲ ಎಂದು ಯಾರಾದರೂ ಕೇಳಿದರೆ? ಮ್ಯಾನೇಜರ್ ಮೇಜಿನ ಹಿಂದಿನಿಂದ ಎದ್ದು ಬಂದಾಗ ಬಾಯಿ ತಾನಾಗಿ ಹೇಳಿಬಿಟ್ಟಿತು: "ನಮ್ಮಕ್ಕ. ಊರಿಂದ ಬಂದಿದಾರೆ."

"ಓಹೋ, ಬನ್ನಿ ಅಮ್ಮ, ಬನ್ನಿ. ಪ್ರಯಾಣ ಆರಾಮಾಗಿತ್ತಾ?"

ಅಕ್ಕ ಒಂದು ಗಳಿಗೆ ತಂಗಿಯ ಮುಖ ನೋಡಿದಳು. "ಎಲ್ಲಿ ಆರಾಮು" ಎಂದಳು ಅಕ್ಕ. "ರೈಲಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಎದುರು ಸೀಟಲ್ಲಿ ಒಂದು ಮಗು, ದಾರಿಯುದ್ದಕ್ಕೂ ಅತ್ತಿದ್ದೇ ಅತ್ತಿದ್ದು. ಅವರಮ್ಮ ಪಾಪ, ಅವಳು ತಾನೇ ಏನು ಮಾಡ್ತಾಳೆ."

"ಅಯ್ಯೋ, ಮಕ್ಕಳು ಇದ್ರೆ ಮುಗೀತು" ಎಂದು ಮ್ಯಾನೇಜರ್ ಮನಸಾರೆ ಮರುಗಿ ಟೀ ತರಿಸಿದ. ಹುಚ್ಚರು ಸುಳ್ಳು ಹೇಳುವುದಿಲ್ಲ ಎಂದು ಅವಳು ಎಲ್ಲೋ ಕೇಳಿದ್ದಳು. ಅಕ್ಕ ಹೇಳಿದ ಸುಳ್ಳಿನಲ್ಲಿ ಒಂದು ಬಿರುಕೂ ಇರಲಿಲ್ಲ. ತಂಗಿಯ ಮಾನದ ಮೇಲೆ ತಾನೇ ಒಂದು ಹೊದಿಕೆ ಹೊದಿಸಿ ಅಂಚುಗಳನ್ನು ಒಳಗೆ ಸಿಕ್ಕಿಸಿದಂತಿತ್ತು. ಮೊಗಸಾಲೆ ದಾಟುವಾಗ ಅಕ್ಕ ಅವಳ ತೋಳು ಮುಟ್ಟಿ, "ಗುಬ್ಬಿ, ಮಗು ಸೇರಿಸಿದ್ದು ಜಾಸ್ತಿ ಆಯ್ತಾ?" ಎಂದು ಕೇಳಿದಳು. ಅವಳು ಇಲ್ಲವೆಂದು ತಲೆಯಾಡಿಸಿದಳು. ಮನೆಯಲ್ಲಿ ಮಾತ್ರ ಬಳಸುವ ಆ ಹೆಸರನ್ನು ಇಲ್ಲಿ ಯಾರಾದರೂ ಕೇಳಿಸಿಕೊಂಡರೋ ಎಂದು ಹಿಂತಿರುಗಿಯೂ ನೋಡಿದಳು.

ಒಳಗಿನ ಕೋಣೆ ಎಂದಿನಂತೆ ತಣ್ಣಗಿತ್ತು. ಸದ್ದು ಹೀರುವ ಗೋಡೆಗಳು, ಎದುರಿಗೆ ಪರದೆ, ಬಲಕ್ಕೆ ದೊಡ್ಡ ಗಾಜು, ಗಾಜಿನಾಚೆ ಯಂತ್ರಗಳ ಮುಂದೆ ಸೌಂಡ್ ಎಂಜಿನಿಯರ್ ಗುಂಡಣ್ಣ, ಅವನ ಪಕ್ಕ ಕ್ಯಾಪು ತಿರುಗಿಸಿ ಹಾಕಿಕೊಂಡ ನಿರ್ದೇಶಕ. ಪರದೆಯ ಮೇಲೆ ಕಿರಿ ಸೊಸೆ ಮೆಟ್ಟಿಲ ಮೇಲೆ ಕೂತಿದ್ದಳು. ಹಣೆಯ ಬೊಟ್ಟು ಅಳಿಸಿತ್ತು. ಕೂದಲನ್ನು ಯಾರೋ ಶ್ರದ್ಧೆಯಿಂದ ಕೆದರಿದ್ದರು. ಮಗು ಸತ್ತ ಸುದ್ದಿ ಕೇಳಿ ಅವಳು ಮೊದಲು ಸುಮ್ಮನಿದ್ದು ಆಮೇಲೆ ಬಾಯಿ ತೆರೆಯುತ್ತಾಳೆ. ಅಲ್ಲಿ ನಗು ಬರಬೇಕು. ಅವಳು ಹೆಡ್‌ಫೋನು ಹಾಕಿ, ಮೈಕಿನ ಮುಂದೆ ನಿಂತು, ಬಾಯಿ ತೆರೆದ ಕ್ಷಣಕ್ಕೆ ಸರಿಯಾಗಿ ನಕ್ಕಳು. ನಗು ಗಂಟಲಿನಿಂದ ಎರಡು ಮೆಟ್ಟಿಲು ಹತ್ತಿ, ಹೊರಗೆ ಬೆಂಚಿನ ಮೇಲೆ ಟೀ ಕುಡಿಯುತ್ತಿರುವ ಅಕ್ಕನನ್ನು ನೆನೆದು, ಮತ್ತೆ ಇಳಿಯಿತು.

"ಮೇಡಂ" ಎಂದಿತು ಕಿವಿಯಲ್ಲಿ ನಿರ್ದೇಶಕನ ದನಿ, "ಇದು ಹುಚ್ಚಿ ನಕ್ಕ ಹಾಗಿಲ್ಲ. ನೆಂಟರ ಮನೇಲಿ ನಕ್ಕ ಹಾಗಿದೆ."

ಇನ್ನೊಮ್ಮೆ. ಮತ್ತೊಮ್ಮೆ. ಒಮ್ಮೆ ಕೆಮ್ಮು ಬಂತು, ಒಮ್ಮೆ ಪರದೆಯ ಬಾಯಿಗಿಂತ ಮೊದಲೇ ನಗು ಮುಗಿಯಿತು. "ಬಿಚ್ಚಿ ನಗಿ ಮೇಡಂ. ನಿಮ್ಮ ಕೈಲಿ ಆಗದೇ ಇರೋದಾ?" ಬಾಗಿಲು ದಪ್ಪ, ಸದ್ದು ಆಚೆ ಹೋಗುವುದಿಲ್ಲ, ಅದು ಗೊತ್ತಿದ್ದೇ ಎಷ್ಟೋ ವರ್ಷವಾಯಿತು ಎಂದು ತನಗೆ ತಾನೇ ಹೇಳಿಕೊಂಡು ಕಣ್ಣು ತೆರೆದರೆ, ಗಾಜಿನಾಚೆ ಮ್ಯಾನೇಜರ್ ಅಕ್ಕನಿಗೆ ಕುರ್ಚಿ ಎಳೆದು ಹಾಕುತ್ತಿದ್ದ. ಹೊರಗೆ ಸೆಕೆ, ಒಳಗೆ ಎಸಿ ಇದೆ, ತಂಗಿ ಕೆಲಸ ಮಾಡೋದನ್ನೂ ನೋಡಿದ ಹಾಗಾಯಿತು ಎಂದು ಕರೆತಂದಿರಬೇಕು. ಗುಂಡಣ್ಣ ಕಡಲೆಕಾಯಿ ಪೊಟ್ಟಣ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ತನ್ನ ಹೆಡ್‌ಫೋನನ್ನೇ ಅಕ್ಕನ ತಲೆಗೆ ಮೆಲ್ಲಗೆ ಇಟ್ಟ. ಅಕ್ಕ ಅದನ್ನು ತೆಗೆದಳು, ಮತ್ತೆ ಹಾಕಿದಳು. ಮಾತಾಡುವ ಗುಂಡಿ ಒತ್ತಿಯೇ ಇತ್ತು. ಅಕ್ಕನ ದನಿ ಅವಳ ಕಿವಿಯೊಳಗೇ ಬಂತು: "ಇದು ಚೆನ್ನಾಗಿದೆಯಲ್ಲಪ್ಪ. ಹಾಕ್ಕೊಂಡ್ರೆ ಕೇಳುತ್ತೆ, ತೆಗೆದ್ರೆ ನಿಲ್ಲುತ್ತೆ."

ಗುಂಡಣ್ಣ ನಕ್ಕ. "ಅದಕ್ಕೇ ಅಮ್ಮ ಮನೇಗೂ ಒಂದು ಒಯ್ದಿದೀನಿ. ಹೆಂಡತಿ ಮಾತಾಡೋವಾಗ ಹಾಕ್ಕೊಳ್ಳೋದು."

ನಿರ್ದೇಶಕನಿಗೂ ಬೇಸರ ಕಳೆಯಬೇಕಿತ್ತು. "ನೀವೇ ಹೇಳಿ ಅಮ್ಮ. ಹುಚ್ಚಿ ಹೀಗೆ ನಗ್ತಾಳಾ?" ಎಂದು ಪರದೆ ತೋರಿಸಿದ. ಗಾಜಿನೀಚೆ ನಿಂತವಳು ಗಾಜು ತಟ್ಟಬೇಕು, ಏನಾದರೂ ಬೀಳಿಸಬೇಕು, ಮೈಕಿಗೆ ಕೆಮ್ಮಬೇಕು ಎಂದುಕೊಂಡಳು. ಏನೂ ಮಾಡಲಿಲ್ಲ. ಅಕ್ಕ ಪರದೆಯ ಹೆಂಗಸನ್ನು ಬಹಳ ಹೊತ್ತು ನೋಡಿದಳು. "ಇವಳಿಗೆ ನಿದ್ದೆ ಇಲ್ಲ ಅನ್ಸುತ್ತೆ" ಎಂದಳು. "ಇವಳು ನಗ್ತಿಲ್ಲ. ಬಾಯಿ ತೆರೆದಿದಾಳೆ ಅಷ್ಟೆ."

"ಬಾಯಿ ತೆರೆದಿದಾಳಲ್ಲ ಅಮ್ಮ, ಅದಕ್ಕೇ ಅದರೊಳಗೆ ಏನಾದ್ರೂ ತುಂಬಬೇಕು" ಎಂದು ನಿರ್ದೇಶಕ ತನ್ನ ಮಾತಿಗೆ ತಾನೇ ಮೆಚ್ಚಿಕೊಂಡು, "ಹೂಂ ಮೇಡಂ, ಹೋಗೋಣ. ಇದನ್ನ ಗುಂಪಿನ ಜೊತೆಗೇ ಸೇರಿಸಿ ತಗೊಳ್ತೀನಿ. ಜನ ಕೂಗಿದ್ರೆ ನಿಮಗೂ ಮೂಡ್ ಬರುತ್ತೆ" ಎಂದ. ಗುಂಪಿನವರು ಬಂದರು. ಬೀದಿಯ ಜನ, ಮದುವೆ ಮನೆಯ ಜನ, ಕೋರ್ಟಿನ ಜನ, ಎಲ್ಲಕ್ಕೂ ದನಿ ಕೊಡುವ ಅದೇ ನಾಲ್ಕು ಮಂದಿ. ಇವತ್ತು ಮೂವರೇ ಇದ್ದರು. ಒಬ್ಬಾಕೆಯ ಮಗುವಿಗೆ ಜ್ವರವಂತೆ. ಹೆಣ್ಣುದನಿ ಕಮ್ಮಿಯಾಯಿತು ಎಂದು ನಿರ್ದೇಶಕ ಗೊಣಗುತ್ತಿದ್ದಾಗ ಗುಂಡಣ್ಣ, "ಅಮ್ಮ ಇದಾರಲ್ಲ! ಒಳ್ಳೆ ದನಿ. ಬರ್ತೀರಾ ಅಮ್ಮ?" ಎಂದ.

"ಬೇಡ ಬೇಡ" ಎಂದಳು ಅವಳು ಮೈಕಿಗೆ. "ಅವರಿಗೆ ಹುಷಾರಿಲ್ಲ."

ಆ ಪದ ಆಚೆಯ ಕೋಣೆಯ ಸ್ಪೀಕರಿನಲ್ಲಿ ದೊಡ್ಡದಾಗಿ ಕೇಳಿಸಿರಬೇಕು. ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಕ್ಕ ಹೆಡ್‌ಫೋನು ತೆಗೆದು ಗುಂಡಣ್ಣನ ಕೈಗೆ ಕೊಟ್ಟು ಎದ್ದು ನಿಂತಳು. "ನನಗೇನಾಗಿದೆ ಗುಬ್ಬಿ? ರೈಲಿನ ಸುಸ್ತು ಅಷ್ಟೆ" ಎಂದಳು. ಸೆರಗು ಸರಿಮಾಡಿಕೊಂಡು, ದಪ್ಪ ಬಾಗಿಲನ್ನು ಎರಡೂ ಕೈಯಿಂದ ತಳ್ಳಿಕೊಂಡು ಒಳಗೆ ಬಂದು ಗುಂಪಿನ ಮೈಕಿನ ಮುಂದೆ, ಬಾಯಿಗೆ ಬೆರಳಿಟ್ಟುಕೊಂಡ ಒಬ್ಬ ದಪ್ಪ ಮೀಸೆಯವನ ಪಕ್ಕ ನಿಂತಳು. ನಿರ್ದೇಶಕ ಹೇಳಿಕೊಟ್ಟ: ಮೊದಲು ಗುಸುಗುಸು, ಆಮೇಲೆ ಒಬ್ಬೊಬ್ಬರಾಗಿ ಹುಚ್ಚಿ, ಹುಚ್ಚಿ ಇವಳು, ಆಚೆ ಹಾಕ್ರಿ, ಕೂಡಿ ಹಾಕ್ರಿ. ಯಾರಿಗೆ ಯಾವುದು ಬಾಯಿಗೆ ಬರುತ್ತೋ ಅದು. ಒಟ್ಟಿನಲ್ಲಿ ಗದ್ದಲ ಆಗಬೇಕು.

"ಗದ್ದಲ ತಾನೆ?" ಎಂದಳು ಅಕ್ಕ. "ಆಗಬಹುದು."

ಕೆಂಪು ದೀಪ ಹತ್ತಿತು. ಗುಂಪಿನವರು ಎಂದಿನಂತೆ ಗುಸುಗುಸು ಶುರುಮಾಡಿದರು. ಅರ್ಥವಿಲ್ಲದ, ಬಾಯಿ ಸವೆದ ಗುಸುಗುಸು. ಅದರ ನಡುವೆ ಅಕ್ಕನ ಬಾಯಿಂದ ಒಂದು ದನಿ, ಸ್ಪಷ್ಟವಾಗಿ, ತಗ್ಗಿ: "ನೋಡಬೇಡಿ, ನೋಡಬೇಡಿ. ಮಕ್ಕಳನ್ನ ಒಳಗೆ ಕರ್ಕೊಳ್ಳಿ." ಅದು ಹಳೆಯ ಮನೆಯ ಎದುರಿನ ಟೀಚರಮ್ಮನ ದನಿ, ಮೂಗಿನಲ್ಲಿ ಎಳೆಯುವ ಅದೇ ರಾಗ. "ಒಳ್ಳೆ ಮನೆ ಹುಡುಗಿ ರೀ, ಪಾಪ." ಅದು ಕೆಳಗಿನ ಮನೆಯ ದರ್ಜಿಯ ಹೆಂಡತಿ. "ಅವರ ತಾಯಿ ಕಡೆಯಿಂದ ಬಂದಿರಬೇಕು." ಅದು ಅತ್ತೆ, ಅಪ್ಪನ ತಂಗಿ, ಎಲೆಯಡಿಕೆ ಒಂದು ದವಡೆಗೆ ಒತ್ತಿಕೊಂಡು ಆಡುವ ಮಾತು. "ನೋಡಿದ್ಯಾ, ಹೇಗೆ ಮಾತಾಡಿದಳು." ಅದು ಮಾವ. ಗೋಡೆ ಕಡೆ ತಿರುಗಿ ಕೂತ ಅಕ್ಕನಿಗೆ ಏನೂ ತಿಳಿಯುವುದಿಲ್ಲವೆಂದು ಬಾಗಿಲ ಬಳಿ ನಿಂತು, ಬೆನ್ನ ಹಿಂದೆ ಪಿಸುಗುಟ್ಟಿ ಎಲ್ಲರೂ ಆಡಿದ್ದು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಯಾರದು ಯಾವುದು ಎಂದು ಒಂದಿಷ್ಟೂ ಕಲಸಿಹೋಗದಂತೆ ಇಟ್ಟುಕೊಂಡಿದ್ದಳು. ಮೀಸೆಯವನು ಬೆರಗಾಗಿ ಅಕ್ಕನ ಕಡೆ ನೋಡುತ್ತ ತನ್ನ ಗುಸುಗುಸು ಮರೆತ. ಆಮೇಲೆ ಅಕ್ಕ ಕೊರಳೆತ್ತಿದಳು. "ಹುಚ್ಚಿ!" ಎಂದಳು. ಉಳಿದವರೂ ಎತ್ತಿಕೊಂಡರು. "ಹುಚ್ಚಿ! ಆಚೆ ಹಾಕ್ರಿ!" ಅಕ್ಕ ಬೆರಳು ನೀಡಿ, ಕುತ್ತಿಗೆಯ ನರ ಉಬ್ಬಿಸಿ, ಎಲ್ಲರಿಗಿಂತ ಮೇಲೆ ಕೂಗುತ್ತಿದ್ದಳು. ಬೆರಳು ಪರದೆಯ ಕಡೆಗಿತ್ತು. ನಡುವೆ ಅವಳು ನಿಂತಿದ್ದಳು.

ಪರದೆಯ ಹೆಂಗಸು ಬಾಯಿ ತೆರೆದಳು. ಅವಳೂ ತೆರೆದಳು. ಎಲ್ಲಿಂದ ನಗುವುದು ಎಂದುಕೊಳ್ಳುವ ಮೊದಲೇ ಗಂಟಲು ತನ್ನ ಪಾಡಿಗೆ ತನ್ನ ಕೆಲಸ ಮಾಡಿತು: ತಳದಿಂದ ಶುರುವಾಗಿ, ಮೆಟ್ಟಿಲು ಹತ್ತಿ, ಒಡೆದು, ಉರುಳಿ, ಅಳುವಿನಲ್ಲಿ ನಿಂತಿತು. ಒಂದು ಕೂದಲೆಳೆಯೂ ಹೆಚ್ಚುಕಮ್ಮಿಯಿಲ್ಲದ ನಗು. ಎದುರಿನಿಂದ ಬಂದ ಆ ಪದ ಮೈಗೆ ತಾಗಿದ್ದು ನಿಜ. ಅದು ತಾಗಿದ ಜಾಗದಲ್ಲಿ ತಾನು ಯಾರೆಂಬುದು ಒಂದು ಚಣ ಅಳಿಸಿಹೋಗಿ, ಆ ಪದದ ಕೂದಲು, ಆ ಪದದ ಬಟ್ಟೆ ಮಾತ್ರ ಉಳಿದದ್ದೂ ನಿಜ. ಆದರೂ ನಗು ಸರಿಯಾಗಿ ಬಂದಿತ್ತು. ಅದಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾದದ್ದು.

"ಓಕೆ! ಒಂದೇ ಟೇಕು!" ಎಂದು ನಿರ್ದೇಶಕ ಕ್ಯಾಪು ತೆಗೆದು ಗಾಳಿಯಲ್ಲಿ ಬೀಸಿದ. ಗುಂಡಣ್ಣ ಗಾಜಿನಾಚೆ ಎರಡೂ ಕೈಯೆತ್ತಿ ಅಕ್ಕನಿಗೆ ನಮಸ್ಕಾರ ಹಾಕಿದ. ಅಕ್ಕ ಸುತ್ತ ನೋಡಿದಳು. ಮೀಸೆಯವನು, "ಏನಮ್ಮಾ ಇದು, ನಮ್ಮ ಅನ್ನಕ್ಕೇ ಕಲ್ಲು ಹಾಕ್ತೀರಲ್ಲ" ಎಂದ. ಅಕ್ಕನಿಗೆ ನಗು ಬಂತು. ಮೊದಲು ಬಿಕ್ಕಳಿಕೆಯಂತೆ ಒಂದು, ಆಮೇಲೆ ಒಂದರ ಹಿಂದೊಂದು, ಭುಜ ಕುಲುಕುತ್ತ, ಬಾಯಿ ತೆರೆದು, ಪಕ್ಕದ ಹಲ್ಲು ಬಿದ್ದ ಸಂದಿಯೂ ಕಾಣುವಂತೆ ನಕ್ಕಳು. ಸಣ್ಣ ನಗು ಅದು, ಕೊಡದಿಂದ ನೀರು ಬಗ್ಗಿಸಿದ ಹಾಗೆ. ಗುಂಪಿನವರೂ ನಕ್ಕರು. ಅವಳೊಬ್ಬಳೇ ನಗಲಿಲ್ಲ. ಅವಳ ಕೈ ಆಗಲೇ ಹೆಗಲ ಚೀಲದೊಳಗೆ ಇಳಿದು, ಮಾತ್ರೆಯ ಹಾಳೆಯ ಚೂಪು ಅಂಚನ್ನು ಮುಟ್ಟಿತ್ತು.

ಅಮ್ಮ ಹಾಗೆಯೇ ಮಾಡುತ್ತಿದ್ದಳು. ಡಾಕ್ಟರು ಹೆಸರು ಕೊಟ್ಟಮೇಲೆ ಅಕ್ಕ ನಕ್ಕಾಗಲೆಲ್ಲ ಮನೆ ಥಟ್ಟನೆ ನಿಶ್ಶಬ್ದವಾಗುತ್ತಿತ್ತು. ರೇಡಿಯೋದ ಪ್ರಹಸನಕ್ಕೆ ನಕ್ಕರೂ ಅಷ್ಟೆ, ಬೆಕ್ಕು ಹಾಲಿನ ಪಾತ್ರೆಗೆ ತಲೆ ಸಿಕ್ಕಿಸಿಕೊಂಡಾಗ ನಕ್ಕರೂ ಅಷ್ಟೆ. ಅಮ್ಮ ಎದ್ದು ಹೋಗಿ ಮಾತ್ರೆ ಡಬ್ಬಿ ತೆರೆದು ನೋಡುವಳು. ಅಪ್ಪ ಪೇಪರು ಕೆಳಗಿಳಿಸುವನು. "ಯಾಕೆ ನಕ್ಕೆ?" ಎಂದು ತಾನೂ ಎಷ್ಟು ಸಲ ಕೇಳಿರಬಹುದು! ಯಾಕೆ ನಕ್ಕೆ ಎಂದು ಜಗತ್ತಿನಲ್ಲಿ ಬೇರೆ ಯಾರನ್ನು ಹಾಗೆ ಕೇಳುತ್ತಾರೆ? ಅಕ್ಕ ಒಂದಷ್ಟು ದಿನ ಕಾರಣ ಹೇಳಿದಳು. ಆಮೇಲೆ ಬಾಯಿ ಮುಚ್ಚಿ ನಗುವುದನ್ನು ಕಲಿತಳು. ಆಮೇಲೆ ಅದೂ ಇಲ್ಲವಾಯಿತು. ಅಕ್ಕನ ಹಲ್ಲು ಬಿದ್ದದ್ದು ಯಾವಾಗ ಎಂದು ಅವಳಿಗೆ ತಿಳಿದಿರಲಿಲ್ಲ.

ಅಕ್ಕ ನಗುತ್ತಲೇ ಅವಳ ಕಡೆ ತಿರುಗಿದವಳು ಚೀಲದೊಳಗಿನ ಕೈಯನ್ನು ಕಂಡಳು. ನಗು ಅಲ್ಲಿಗೇ ನಿಂತಿತು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಜಾಸ್ತಿ ಆಯ್ತಾ?" ಎಂದು ಮೆಲ್ಲಗೆ ಕೇಳಿದಳು. ಇಲ್ಲ, ನಗು, ಇನ್ನೂ ನಗು ಎನ್ನಬೇಕೆಂದು ತಂಗಿ ಬಾಯಿ ತೆರೆದಳು. "ಹೊತ್ತಾಯ್ತು, ಹೋಗೋಣ" ಎಂಬ ಮಾತು ಬಂತು. ಹೊರಡುವಾಗ ಮ್ಯಾನೇಜರ್, "ಮುಂದಿನ ಸಲ ಊರಿಂದ ಬಂದಾಗ ಖಂಡಿತ ಕರ್ಕೊಂಡು ಬನ್ನಿ ಮೇಡಂ" ಎಂದ. ಆಗಲಿ ಎಂದಳು. ಸುಳ್ಳು ಅದರಷ್ಟಕ್ಕೆ ಉಳಿಯಿತು.

ಬಸ್ ಸ್ಟಾಪಿನಲ್ಲಿ ನೆರಳು ಕಬ್ಬಿಣದ ಬೆಂಚಿನ ಒಂದು ತುದಿಗೆ ಮಾತ್ರ ಇತ್ತು. ಅಕ್ಕನನ್ನು ನೆರಳಿಗೆ ಕೂರಿಸಿ ಅವಳು ಬಿಸಿಲಿಗೆ ಕೂತಳು. ರಸ್ತೆಯಾಚೆ ಗಾಜಿನಂಗಡಿಯವನು ಕನ್ನಡಿಯೊಂದನ್ನು ಒರೆಸುತ್ತಿದ್ದ. ಅದರಲ್ಲಿ ಬಸ್ಸುಗಳು ತಿರುಗುಮುರುಗಾಗಿ ಹೋಗುತ್ತಿದ್ದವು. ಇಷ್ಟು ವರ್ಷ ಅಕ್ಕನನ್ನು ತಾನು ಕೇಳಿದ್ದೆಲ್ಲ ಒಂದೊಂದಾಗಿ ನೆನಪಾಯಿತು. ಮಾತ್ರೆ ತಗೊಂಡ್ಯಾ. ನಿದ್ದೆ ಬಂತಾ. ಊಟ ಆಯ್ತಾ. ಗದ್ದಲ ಇದೆಯಾ. ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಅಲ್ಲಿಗೆ ಮುಗಿಯುತ್ತಿತ್ತು. ಪಕ್ಕದ ಮನೆಯಲ್ಲಿ ಜಗಳವಾದರೆ ಏನು ಮಾತು ಬಂತು ಎಂದು ಕಿವಿಯಾನಿಸುವವಳು, ಇದನ್ನು ಮಾತ್ರ ಒಂದು ದಿನವೂ ಕೇಳಿರಲಿಲ್ಲ.

"ಅಕ್ಕಾ, ಆ ಗದ್ದಲದಲ್ಲಿ ಏನು ಹೇಳ್ತಾರೆ?"

ಅಕ್ಕ ಅನುಮಾನದಿಂದ ನೋಡಿದಳು. "ಡಾಕ್ಟರು ಕೇಳು ಅಂದ್ರಾ?"

"ಇಲ್ಲ. ನಾನೇ ಕೇಳ್ತಿದೀನಿ."

"ದೊಡ್ಡದೇನಿಲ್ಲ" ಎಂದಳು ಅಕ್ಕ. "ಬಯ್ತಾರೆ. ಆ ಹೆಂಗಸು ನಿನ್ನನ್ನೇ ನೋಡ್ತಿದಾಳೆ ಅಂತಾರೆ. ಅದನ್ನ ಮುಟ್ಟಬೇಡ, ಇದನ್ನ ತಿನ್ನಬೇಡ. ಕೆಲವು ಸಲ ಸುಮ್ನೆ ಒಲೆ ಆರಿಸಿದ್ಯಾ, ಬಾಗಿಲು ಹಾಕಿದ್ಯಾ ಅಂತ ಪ್ರಾಣ ತಿಂತಾರೆ. ಮದುವೆ ಆಗದೇ ಇದ್ರೂ ಅತ್ತೆ ಕಾಟ ತಪ್ಪಲಿಲ್ಲ ನೋಡು."

ಅವಳು ನಕ್ಕಳು. ಅಕ್ಕ ಅವಳ ನಗುವನ್ನು ಗಮನವಿಟ್ಟು ನೋಡಿ, ಆಮೇಲೆ ತಾನೂ ತುಟಿ ಅಗಲಿಸಿದಳು.

"ಗುರುತಿನ ದನಿಗಳಾ?"

"ಕೆಲವು ಅಲ್ಲ. ಕೆಲವು ಹೌದು. ಅಮ್ಮಂದು ಅಪರೂಪಕ್ಕೆ ಬರುತ್ತೆ. ನಿಂದೂ ಇದೆ."

"ನಂದಾ?" ಈಗಷ್ಟೇ ಆ ತಣ್ಣನೆಯ ಕೋಣೆಯಲ್ಲಿ ಮೆಟ್ಟಿಲು ಹತ್ತಿ ಒಡೆದದ್ದು ಕಿವಿಯಲ್ಲಿ ಇನ್ನೂ ಉರುಳುತ್ತಿತ್ತು. "ನಾನು... ನಗ್ತೀನಾ?"

"ನೀನ್ಯಾಕೆ ನಗ್ತೀಯ?" ಅಕ್ಕನಿಗೆ ನಿಜವಾಗಿ ಆಶ್ಚರ್ಯವಾಯಿತು. "ಸುಮ್ನಿರೇ ಅಂತೀಯ. ಅಷ್ಟೆ. ಪರೀಕ್ಷೆಗೆ ಓದ್ಕೊಳ್ಳೋವಾಗ ನಾನು ಏನಾದ್ರೂ ಹೇಳೋಕೆ ಬಂದ್ರೆ ಅಂತಿದ್ಯಲ್ಲ, ಹಾಗೆ."

ದೂರು ಹೇಳಿದ ಹಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಗದ್ದಲ ಇವತ್ತು ಕಮ್ಮಿ ಎಂದಷ್ಟೇ ಸಮನಾಗಿ. ಅವಳು ಆ ದಿನಗಳಲ್ಲಿ ಯಾವುದಾದರೂ ಒಂದನ್ನು ನೆನೆಯಲು ಹೆಣಗಿದಳು. ತೆರೆದ ಪುಸ್ತಕ, ಬಾಗಿಲ ಚೌಕಟ್ಟು ಹಿಡಿದು ನಿಂತ ಅಕ್ಕ, ಅಕ್ಕನ ಬಾಯಿ ಏನೋ ಹೇಳಲು ತೆರೆದದ್ದು. ಏನು ಹೇಳಲು ಬಂದಿದ್ದಳು? ನಗು ಬರುವುದನ್ನೇ ಕಾಯುತ್ತ ಕೂತವಳಿಗೆ ಮಾತು ಬಂದು ಬಾಗಿಲಲ್ಲಿ ನಿಂತದ್ದು ಗೊತ್ತಾಗಿರಲಿಲ್ಲ. ಅದಕ್ಕೆ ಯಾವ ದನಿ ಕೊಡಬೇಕೆಂದು ಆ ಪಳಗಿದ ಗಂಟಲಿಗೆ ತಿಳಿಯಲಿಲ್ಲ.

ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು, "ಹತ್ತಿ ಅಮ್ಮ, ಸೀಟಿದೆ, ಹತ್ತಿ" ಎಂದ. ಅಕ್ಕ ಏಳಲು ಹೋದಳು. ಅವಳು ಅಕ್ಕನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಮುಂದಿನದಕ್ಕೆ ಹೋಗೋಣ. ನೀನು ಹೇಳು."

"ಏನು ಹೇಳ್ಲಿ?"

"ಆಗ ಹೇಳೋಕೆ ಬಂದಿದ್ಯಲ್ಲ, ಅದು. ನೆನಪಿದ್ರೆ."

ಬಸ್ಸು ಹೊಗೆ ಬಿಟ್ಟು ಹೊರಟಿತು. ಅಕ್ಕ ತಂಗಿಯ ಮುಖದಲ್ಲಿ ಏನನ್ನೋ ಹುಡುಕಿದಳು. ಅಲ್ಲಿ ಅವಸರವಿಲ್ಲವೆಂದು ಖಾತ್ರಿಯಾದ ಮೇಲೆ ನೆರಳಿನಲ್ಲಿ ಸ್ವಲ್ಪ ಸರಿದು ಅವಳಿಗೂ ಜಾಗ ಮಾಡಿಕೊಟ್ಟಳು.

"ಮೊದಲನೇ ಸಲ ಕೇಳಿಸಿದಾಗ," ಎಂದು ಶುರುಮಾಡಿದಳು, "ನಾನು ಮೇಲೆ ತಾರಸಿ ಮೇಲೆ ಬಟ್ಟೆ ಒಣಗಹಾಕ್ತಿದ್ದೆ. ಯಾರೋ ನನ್ನ ಹೆಸರು ಹಿಡಿದು ಕರೆದ್ರು. ಎಷ್ಟು ಮೆತ್ತಗೆ ಕರೆದ್ರು ಅಂದ್ರೆ, ಗುಬ್ಬಿ, ನಾನು ನೀನೇ ಅಂದ್ಕೊಂಡೆ. ಬಂದೆ ಅಂತ ಕೆಳಗಿಳಿದು ಬಂದೆ."